ಹಾವಸೆ ರಸ್ತೆಗೆ ಎಂಥ ಗಾರ್ಡ್ ಹಾಕಬೇಕು: ನನ್ನ ಅನುಭವ

ನಮ್ಮ ಕಡೆ ಬೈಕು ಹೆಚ್ಚಾಗಿ ಬೀಳುವುದು ನಿಂತಲ್ಲೇ, ಇಲ್ಲವೇ ನಡಿಗೆಯ ವೇಗದಲ್ಲಿ. ಬೇಲಿಯ ಗೇಟು, ಅಂದರೆ ದಣಪೆ, ತೆಗೆಯಲು ಇಳಿಜಾರಿನಲ್ಲಿ ನಿಲ್ಲಿಸಿ ಎಡಗಾಲು ಊರುತ್ತೇವೆ, ಅಡಿಯಲ್ಲಿ ಹಾವಸೆ, ಕಾಲು ಜಾರುತ್ತದೆ, ಗಾಡಿ ಮಗ್ಗುಲಾಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಳರಸ್ತೆಗಳಲ್ಲಿ ಮರದ ನೆರಳು ಬೀಳುವ ಜಾಗವೆಲ್ಲ ಹೀಗೇ, ಕಾಂಕ್ರೀಟ್ ರಸ್ತೆಯೂ ಬಿಟ್ಟಿಲ್ಲ. ನನ್ನದು ಪಶು ಆಸ್ಪತ್ರೆಯ ಕೆಲಸ. ದನ ಕರು ಹಾಕಲು ಒದ್ದಾಡುತ್ತಿದೆ ಎಂದು ರಾತ್ರಿ ಫೋನ್ ಬಂದರೆ ಮಳೆ ನೋಡುತ್ತ ಕೂರುವ ಹಾಗಿಲ್ಲ. ಹಾಗಾಗಿ ಬಿದ್ದಾಗ ಬೈಕನ್ನು ಕಾಪಾಡುವ ಗಾರ್ಡ್ ಹುಡುಕುವಾಗ ನಾನು ಇಟ್ಟುಕೊಂಡ ಲೆಕ್ಕ ಒಂದೇ: ಬಿದ್ದ ಮೇಲೂ ಗಾಡಿ ಎದ್ದು, ಓಡಿ, ಕೊಟ್ಟಿಗೆಯ ತನಕ ಹೋಗಿ ಮನೆಗೆ ವಾಪಸು ಬರಬೇಕು. ಟ್ಯಾಂಕ್ ತಗ್ಗಾದರೆ ಆಗಲಿ.

ಈ ಲೆಕ್ಕದಲ್ಲಿ ನೋಡಿದರೆ ಕಾಪಾಡಬೇಕಾದ ವಸ್ತುಗಳು ಬಹಳ ಇಲ್ಲ. ಕ್ಲಚ್ ಲಿವರ್ ಬುಡಕ್ಕೆ ಮುರಿದರೆ ಘಾಟಿಯಲ್ಲಿ ಗಾಡಿ ನಿಂತ ಹಾಗೆಯೇ. ಗೇರ್ ಲಿವರ್ ಒಳಗೆ ಬಾಗಿ ಎಂಜಿನ್ ಕವರಿಗೆ ಒತ್ತಿಕೊಂಡರೆ ಗೇರ್ ಬೀಳುವುದಿಲ್ಲ. ಕವರೇ ಒಡೆದು ಆಯಿಲ್ ಸುರಿದರೆ ಕತೆ ಮುಗಿಯಿತು. ಇಂಡಿಕೇಟರ್, ಕನ್ನಡಿ ಎಲ್ಲ ಆಮೇಲಿನ ಮಾತು.

ನನ್ನದು ಹೀರೋ ಎಕ್ಸ್‌ಪಲ್ಸ್ 200, 2019ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, ಎಂಜಿನ್ ಅಡಿಗೆ ಕಂಪನಿಯೇ ಹಾಕಿದ ಅಲ್ಯೂಮಿನಿಯಂ ತಟ್ಟೆ. ಹೊಟ್ಟೆಯ ಕಡೆಗೆ ಅಷ್ಟು ಸಾಕು ಅನ್ನಿಸಿತು. ಜಂಬಿಟ್ಟಿಗೆ ಕಲ್ಲು ತಾಗಿದರೂ ಗೀರು ಬೀಳುತ್ತದೆ, ಅಷ್ಟೇ. ಆ ತಟ್ಟೆಯ ನಿಜವಾದ ತಾಪತ್ರಯ ಕೆಸರು. ತಟ್ಟೆಗೂ ಎಂಜಿನ್‌ಗೂ ನಡುವೆ ಕೆಂಪು ಮಣ್ಣು, ತರಗೆಲೆ ತುಂಬಿ ಗಟ್ಟಿಯಾಗಿ ಕೂತುಬಿಡುತ್ತದೆ. ಮಳೆಗಾಲದಲ್ಲಿ ಪೈಪು ಹಿಡಿದು ಅಡಿಯಿಂದ ನೀರು ಹೊಡೆಯಲೇಬೇಕು. ಬೇರೆ ಗಾಡಿಗೆ ಹೊಸದಾಗಿ ತಟ್ಟೆ ಹಾಕಿಸುವವರು ಆಯಿಲ್ ಡ್ರೈನ್ ಬೋಲ್ಟಿನ ನೇರಕ್ಕೆ ತೂತು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಆಯಿಲ್ ಬದಲಿಸುವಾಗಲೂ ತಟ್ಟೆ ಬಿಚ್ಚುವ ಕೆಲಸ.

ಮಗ್ಗುಲಿನ ಗಾರ್ಡಿಗಾಗಿ ಶಿವಮೊಗ್ಗಕ್ಕೆ ಹೋಗಿದ್ದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸುತ್ತಿದಾಗ ಮೊದಲು ತೋರಿಸಿದ್ದು ಎಲ್ಲ ಗಾಡಿಗೂ ಕೂರುತ್ತದೆ ಎನ್ನುವ ಅಗಲದ ಲೆಗ್ ಗಾರ್ಡು. "ಡಾಕ್ಟ್ರೇ, ಇದಕ್ಕೆ ಹಾಲಿನ ಕ್ಯಾನೂ ನೇತು ಹಾಕ್ಬೋದು" ಎಂದು ಅಂಗಡಿಯವರು ಹೊಗಳಿದರು. ಸುಳ್ಳೇನಲ್ಲ, ನಮ್ಮೂರಿನ ಅರ್ಧ ಗಾಡಿಗಳ ಗಾರ್ಡು ಮಾಡುವುದು ಅದೇ ಕೆಲಸ. ಆದರೆ ಅದು ಫ್ರೇಮಿನ ಪೈಪನ್ನು ಯು ಕ್ಲಾಂಪಿನಿಂದ ಅಪ್ಪಿಕೊಂಡಿತ್ತು. ಗಾಡಿಯ ಭಾರವೆಲ್ಲ ಒಂದೇ ತುದಿಯ ಮೇಲೆ ಬಿದ್ದಾಗ ಅಂಥ ಕ್ಲಾಂಪು ಪೈಪಿನ ಸುತ್ತ ತಿರುಗುತ್ತದೆ, ಗಾರ್ಡು ಹಿಂದಕ್ಕೆ ಮಡಚಿ ಮೊಣಕಾಲ ಕೆಳಗಿನ ಮೂಳೆಗೇ ಬರುತ್ತದೆ. ಬೇಡ ಎಂದೆ.

ಅಡಕೆ ಮರ ಸೀಳಿದ ಪಟ್ಟಿ, ಅಂದರೆ ದಬ್ಬೆ, ಇಲ್ಲಿ ಕೆಲಸಕ್ಕೆ ಬಂತು. ನೇರವಾದ ಒಂದು ದಬ್ಬೆಯನ್ನು ಗಾರ್ಡಿನ ಹೊರತುದಿಗೆ ಒತ್ತಿ, ಅದರ ಇನ್ನೊಂದು ಕಡೆಯನ್ನು ಹ್ಯಾಂಡಲ್ ತುದಿಗೆ ತಾಗಿಸಿ ನೋಡುವುದು. ಗಾಡಿ ಮಲಗಿದಾಗ ನೆಲ ಇರುವುದು ಹೆಚ್ಚುಕಡಿಮೆ ಆ ದಬ್ಬೆಯ ಜಾಗದಲ್ಲಿ. ಆಮೇಲೆ ಅದೇ ತುದಿಯಿಂದ ಹಿಂದಿನ ಕ್ಯಾರಿಯರ್ ಕಡೆಗೆ. ದಬ್ಬೆಯಿಂದ ಆಚೆ ಏನು ಚಾಚಿಕೊಂಡಿದೆಯೋ ಅದು ಮೊದಲು ನೆಲಕ್ಕೆ ಬಡಿಯುತ್ತದೆ. ಗೇರ್ ಲಿವರ್, ಎಂಜಿನ್ ಕವರು ಎರಡೂ ಒಳಗೇ ಉಳಿಯಬೇಕು. ನೋಡಲು ಭರ್ಜರಿಯಾಗಿದ್ದ ಒಂದು ಗಾರ್ಡು ಟ್ಯಾಂಕಿನ ಮಟ್ಟಕ್ಕೆ ಎತ್ತರವಿತ್ತು, ಆದರೆ ಕೆಳಗೆ ಗೇರ್ ಲಿವರ್ ದಬ್ಬೆಯಿಂದ ಎರಡು ಬೆರಳು ಹೊರಗಿತ್ತು. ಅಂಗಡಿಯ ಹುಡುಗನೂ ಬಗ್ಗಿ ನೋಡಿ ಸುಮ್ಮನಾದ.

ಕೊನೆಗೆ ತಂದದ್ದು ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟುಗಳಿಗೆ ಮತ್ತು ಕೆಳಗೆ ಫ್ರೇಮಿಗೆ ಹಿಡಿಯುವ, ಎಡಬಲಗಳನ್ನು ಮುಂದೆ ಅಡ್ಡಪಟ್ಟಿ ಕೂಡಿಸುವ ಸಾಧಾರಣ ಗಾತ್ರದ ಗಾರ್ಡು. ತೀರಾ ದಪ್ಪ ಪೈಪಿನದೂ ಇತ್ತು. ಅದರ ಗಟ್ಟಿತನವೇ ನನಗೆ ಅಳುಕು ತಂದಿತು. ಜೋರಾಗಿ ಬಡಿದಾಗ ಗಾರ್ಡು ಒಂದಿಷ್ಟು ಬಾಗಿ ಪೆಟ್ಟು ನುಂಗಬೇಕು. ಅದು ಬಾಗದಿದ್ದರೆ ಪೆಟ್ಟು ನೇರ ಫ್ರೇಮಿಗೋ ಎಂಜಿನ್ ಮೌಂಟಿಗೋ ಹೋಗುತ್ತದೆ. ಗಾರ್ಡು ಬದಲಿಸಬಹುದು, ಎಂಜಿನ್ ಕೇಸು ಬದಲಿಸುವ ಖರ್ಚು ಕೇಳಿದವರಿಗೇ ಗೊತ್ತು. ಊರಿನ ವೆಲ್ಡರ್ "ಫ್ರೇಮಿಗೇ ಗಾರ್ಡು ಹಿಡಿಯಲು ಎರಡು ಕಿವಿ ಬೆಸೆದು ಕೊಡ್ತೀನಿ" ಎಂದಾಗಲೂ ಒಪ್ಪಲಿಲ್ಲ. ಬೆಸುಗೆಯ ಕಾವಿಗೆ ಅಲ್ಲಿನ ಪೈಪು ಬಲ ಕಳೆದುಕೊಳ್ಳುತ್ತದೆ. ಬ್ಯಾಟರಿ ತಂತಿ ಬಿಚ್ಚದೆ ಬೆಸೆದರೆ ಈಗಿನ ಗಾಡಿಗಳ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗುವ ಭಯ ಬೇರೆ.

ಕೂರಿಸುವಾಗ ಹತ್ತಿರವೇ ನಿಂತು ನೋಡಬೇಕಾದ್ದು ಬೋಲ್ಟು. ಗಾರ್ಡಿನ ಪಟ್ಟಿ 5 ಮಿಲಿಮೀಟರ್ ದಪ್ಪವಿದ್ದರೆ ಕಂಪನಿಯ ಹಳೇ ಬೋಲ್ಟು ಒಳಗೆ 5 ಮಿಲಿಮೀಟರ್ ಕಡಿಮೆ ಹೋಗುತ್ತದೆ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ, ಒಳಗೆ ಹಿಡಿದಿರುವುದು ಮಾತ್ರ ನಾಲ್ಕೇ ಸುತ್ತು. ಅಷ್ಟು ಉದ್ದದ ಬೋಲ್ಟು ಬೇರೆ ಹಾಕಿಸಬೇಕು, ತಲೆಯ ಮೇಲೆ ಬಲ ತೋರಿಸುವ 8.8 ಎಂಬ ಗುರುತು ಇರಬೇಕು. ಮೆಕ್ಯಾನಿಕ್ ಫಳಫಳ ಹೊಳೆಯುವ ಸ್ಟೀಲ್ ಬೋಲ್ಟು ಹಾಕಹೊರಟಿದ್ದರು, ತುಕ್ಕು ಹಿಡಿಯಲ್ಲ ಅಂತ. ಅದರ ಮೇಲೆ ಎ2-70 ಎಂದಿತ್ತು. ತುಕ್ಕಿನ ಮಾತು ಸರಿ, ಬಲದಲ್ಲಿ ಅದು 8.8ಕ್ಕಿಂತ ಒಂದು ಕೈ ಕಡಿಮೆ. ಕಪ್ಪು ಬೋಲ್ಟನ್ನೇ ಹಾಕಿಸಿ ಮೇಲೆ ಗ್ರೀಸ್ ಬಳಿದೆ. ಆಮೇಲೆ ಮುಂದಿನ ಫೋರ್ಕನ್ನು ಪೂರ್ತಿ ಅದುಮಿಸಿ, ಹ್ಯಾಂಡಲ್ ಎರಡೂ ಕಡೆ ಕೊನೆ ತನಕ ತಿರುಗಿಸಿ, ಮಡ್‌ಗಾರ್ಡ್ ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿಯಾದ ಮೇಲೇ ದುಡ್ಡು ಕೊಟ್ಟದ್ದು. ಗಂಬೂಟು ಹಾಕಿಕೊಂಡು ಹೋಗಿದ್ದೆ. ಚಪ್ಪಲಿಗೆ ಸಾಕಾಗುವ ಸಂದು ಗಂಬೂಟಿಗೆ ಸಾಕಾಗದು, ಗೇರ್ ಎತ್ತುವಾಗ ಬೂಟಿನ ಮೂತಿ ಗಾರ್ಡಿಗೆ ಸಿಕ್ಕಿಕೊಳ್ಳಬಾರದು.

ಫ್ರೇಮ್ ಸ್ಲೈಡರ್ ಬಗ್ಗೆಯೂ ಹಲವರು ಕೇಳುತ್ತಾರೆ. ಗಾಡಿಯ ಪಕ್ಕದಿಂದ ಮೊಳೆಯಂತೆ ಹೊರಬಂದ ನೈಲಾನ್ ಗುಂಡು ಅದು. ಡಾಂಬರಿನ ಮೇಲೆ ವೇಗದಲ್ಲಿ ಬಿದ್ದ ಗಾಡಿ ಜಾರಿಕೊಂಡು ಹೋಗಲಿ ಎಂದು ಮಾಡಿದ್ದು. ಬೆಂಗಳೂರು ಹೆದ್ದಾರಿಯಲ್ಲೇ ಓಡಾಡುವವರಿಗೆ ಸರಿ. ನಮ್ಮ ರಸ್ತೆ ಬದಿಯ ಮೆದು ಮಣ್ಣಿಗೆ ಆ ಗುಂಡು ನಾಟಿಕೊಂಡರೆ ಗಾಡಿ ಪಲ್ಟಿ ಹೊಡೆಯಬಹುದು. ಒಂದೇ ಬೋಲ್ಟಿಗೆ ನಿಂತಿದ್ದರೆ ಆ ಬೋಲ್ಟೇ ಬಾಗುತ್ತದೆ.

ಕೈ ಗಾರ್ಡಿನ ವಿಚಾರದಲ್ಲಿ ಮಾತ್ರ ಜಿಪುಣತನ ಬೇಡ. ಒಂದೇ ಕಡೆ ಹಿಡಿದ ಬರೀ ಪ್ಲಾಸ್ಟಿಕ್ಕಿನದು ಮಳೆ ಗಾಳಿಯನ್ನೂ ಲಂಟಾನದ ಮುಳ್ಳನ್ನೂ ತಡೆಯುತ್ತದೆ, ಲಿವರನ್ನು ಉಳಿಸುವುದಿಲ್ಲ. ಒಳಗೆ ಅಲ್ಯೂಮಿನಿಯಂ ಪಟ್ಟಿ ಇದ್ದು, ಹ್ಯಾಂಡಲ್ ತುದಿಗೂ ಮಧ್ಯಕ್ಕೂ ಎರಡು ಕಡೆ ಬಿಗಿಯುವಂಥದ್ದು ಬೇಕು. ಹಾಕಿದ ಮೇಲೆ ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ ತಿರುಗಿಸಿ ನೋಡಿ. ತಾನಾಗಿ ರೇಸ್ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ. ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ: ಕ್ಲಚ್ ಲಿವರ್ ಕೂರುವ ಯೋಕನ್ನು ಕಲ್ಲಿನ ಹಾಗೆ ಬಿಗಿಯಬೇಡಿ. ದಿನದ ಬಳಕೆಗೆ ಅಲ್ಲಾಡದಷ್ಟು, ಕೈಯಿಂದ ಜೋರಾಗಿ ದೂಡಿದರೆ ತಿರುಗುವಷ್ಟು ಸಾಕು. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿ ತಪ್ಪಿಸಿಕೊಳ್ಳುತ್ತದೆ. ಯೋಕಿನ ಅಡಿಗೆ ನಲ್ಲಿ ಕೆಲಸದವರ ಬಿಳಿ ಟೇಪು ಎರಡು ಸುತ್ತು ಹಾಕಿದರೆ ಇನ್ನೂ ಸಲೀಸು.

ಸೀರೆ ಗಾರ್ಡನ್ನು ಚೆಂದಕ್ಕೆ ಅಡ್ಡ ಎಂದು ತೆಗೆಸುವ ಹುಡುಗರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂತವರ ಬಟ್ಟೆ ಸಿಗದಂತೆ ಹಿಂಚಕ್ರದ ಕನಿಷ್ಠ ಅರ್ಧ ಮುಚ್ಚಿರಬೇಕು. ನಿಯಮ ಹಾಗಿರಲಿ, ನನ್ನ ಹಿಂದೆ ಮನೆಯವರು ಕೂರುತ್ತಾರೆ, ಅದನ್ನು ಮುಟ್ಟಲಿಲ್ಲ.

ಗಾರ್ಡು ಉಳಿಸುವುದು ಗಾಡಿಯನ್ನು, ನಿಧಾನದ ವೇಗದಲ್ಲಿ ಬಿದ್ದಾಗ ಕಾಲನ್ನೂ ಸ್ವಲ್ಪ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಅದರಿಂದ ಏನೂ ಆಗದು. ಹೆಲ್ಮೆಟ್, ಮೊಣಕಾಲಿನ ಪ್ಯಾಡ್‌ಗೆ ಇಟ್ಟ ದುಡ್ಡನ್ನು ಇದಕ್ಕೆ ತಿರುಗಿಸಬೇಡಿ.

ಮಳೆಗಾಲಕ್ಕೆ ಮುಂಚೆ ಗಾರ್ಡಿನ ಪೈಪಿನ ತುದಿಗಳ ಬಿರಡೆ ನೋಡುತ್ತೇನೆ. ಬಿರಡೆ ಬಿದ್ದ ಪೈಪಿಗೆ ನೀರು ಇಳಿದು ಒಳಗಿಂದ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ನನ್ನದರಲ್ಲಿ ಅತಿ ಕೆಳಗಿನ ಬಾಗಿನಲ್ಲಿ ನೀರು ಸೋರಲು ಸಣ್ಣ ತೂತು ಹಾಕಿಸಿದ್ದೇನೆ. ಹೊಸ ಗಾರ್ಡಿನ ಬೋಲ್ಟುಗಳನ್ನು ಕಚ್ಚಾ ರಸ್ತೆಯ ಮೊದಲ ಓಡಾಟದ ನಂತರ ಮತ್ತೊಮ್ಮೆ ಬಿಗಿಯಬೇಕು, ಸಡಿಲವಾಗಿಯೇ ಇರುತ್ತವೆ. ಒಟ್ಟಿಗೆ ದುಡ್ಡು ಹೊಂದದವರು ಕೈ ಗಾರ್ಡು ಮೊದಲು, ಮಗ್ಗುಲಿನ ಗಾರ್ಡು ಆಮೇಲೆ ಹಾಕಿಸಲಿ. ಅಲ್ಲಿಯವರೆಗೆ ಸೀಟಿನ ಅಡಿಯಲ್ಲಿ ಒಂದು ಕ್ಲಚ್ ಲಿವರ್, ಒಂದು ಕ್ಲಚ್ ಕೇಬಲ್, 10ರ ಸ್ಪ್ಯಾನರ್ ಇದ್ದರೆ ನಡೆಯುತ್ತದೆ. ಗಾರ್ಡು ಬಂದ ಮೇಲೂ ನಾನು ಅವನ್ನು ಅಲ್ಲಿಂದ ತೆಗೆದಿಲ್ಲ.