ಗುಡ್ಡಳ್ಳಿಗೆ ಇನ್ನರ್ಧ ತಾಸು ಇರುವಾಗ

ಕಾರವಾರದಲ್ಲಿ ಬೆಳೆದ ನನಗೆ ಮಳೆಯೆಂದರೆ ಕಡಲಿನ ಕಡೆಯಿಂದ ಬರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಮೋಡಗಳನ್ನು ತಂದು ಸಹ್ಯಾದ್ರಿಗೆ ಒತ್ತುತ್ತದೆ. ಕಡಲಂಚು ಕಪ್ಪಾಯಿತೆಂದರೆ ಬಟ್ಟೆ ಒಳಗೆ ತೆಗೆಯಬೇಕೆಂದು ಮಕ್ಕಳಿಗೂ ಗೊತ್ತು. ಅಕ್ಟೋಬರಿನ ಎರಡನೆಯ ಶನಿವಾರ ಗೆಳೆಯನೊಡನೆ ಗುಡ್ಡಳ್ಳಿ ಹತ್ತಲು ಹೊರಟಾಗಲೂ ನಾನು ನೋಡಿದ್ದು ಕಡಲನ್ನೇ. ಅದು ನಿರ್ಮಲವಾಗಿತ್ತು. ಹಾಗಾಗಿ ರೇನ್‌ಕೋಟನ್ನು ಮನೆಯಲ್ಲೇ ಬಿಟ್ಟೆ.

ಗುಡ್ಡಳ್ಳಿ ಕಾರವಾರ ಪೇಟೆಯ ಬೆನ್ನಿಗೇ ಇರುವ, ಸಮುದ್ರಮಟ್ಟದಿಂದ ಸುಮಾರು 1,800 ಅಡಿ ಎತ್ತರದ ಗುಡ್ಡ. ಗೆಳೆಯ ಶಿರಸಿಯಿಂದ ಮುಂಜಾನೆಯ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬರುವಷ್ಟರಲ್ಲಿ ಹತ್ತು ಗಂಟೆ ಕಳೆದಿತ್ತು. ಹಬ್ಬುವಾಡದಿಂದ ನಡಿಗೆ ಶುರುಮಾಡಿದಾಗ ಹತ್ತೂವರೆ. ಆ ದಿನದ ನಿಜವಾದ ತಪ್ಪು ಈ ತಡವೇ ಎಂದು ಈಗ ನನಗೆ ಅನ್ನಿಸುತ್ತದೆ. ಮುಂಗಾರು ಹಿಂದೆ ಸರಿಯುವ ದಿನಗಳಲ್ಲಿ ಬೆಳಗಿನ ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ಮೇಲೇರಿ, ಘಟ್ಟದ ಮೇಲೆ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡಗಳು ಕಟ್ಟುತ್ತವೆ. ಮೂಡಣ ಗಾಳಿಯಿದ್ದರೆ ಅವು ಕರಾವಳಿಯತ್ತ ಇಳಿದುಬರುತ್ತವೆ. ಬೆಳಗ್ಗೆ ಆರಕ್ಕೇ ಹೊರಟಿದ್ದರೆ ಅಷ್ಟರೊಳಗೆ ನಾವು ಕೆಳಗಿರುತ್ತಿದ್ದೆವು.

ಒಂದು ಗಂಟೆ ದಾಟಿದಾಗ, ತುದಿಗೆ ಇನ್ನರ್ಧ ತಾಸಿನ ದಾರಿ ಉಳಿದಿತ್ತು. ಮೇಲಿನಿಂದ ಸೌದೆಯ ಹೊರೆ ಹೊತ್ತು ಇಳಿಯುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಿಂತರು. "ತಮ್ಮಾ, ಮೂಡ ಬದಿ ಗುಡುಗ್ತಾ ಉಂಟು. ಅದು ನಿಲ್ಲುದಿಲ್ಲ, ಬಂದೇ ಬತ್ತದೆ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಇಳಿದುಹೋದರು. ಮರಗಳ ಮರೆಯಲ್ಲಿ ನಮಗೆ ಮೂಡಣದ ಆಕಾಶ ಕಂಡೇ ಇರಲಿಲ್ಲ.

"ಇಷ್ಟು ದೂರ ಬಂದು ತಿರುಗುವುದಾ ಮಾರಾಯಾ? ಅರ್ಧ ತಾಸಿನ ಮಾತಲ್ಲವಾ?" ಎಂದು ಗೆಳೆಯ ಕೇಳಿದ. ಅವನ ಆಸೆ ನನಗೂ ಇತ್ತು. ಅಷ್ಟರಲ್ಲಿ ಎಲೆಗಳ ಸಂದಿಯಲ್ಲಿ ಮಿಂಚು ಹೊಳೆಯಿತು, ನಾನು ಎಣಿಸತೊಡಗಿದೆ. ಇಪ್ಪತ್ತನಾಲ್ಕಕ್ಕೆ ಗುಡುಗು ಕೇಳಿತು. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಹಿಡಿಯುವುದರಿಂದ ಮಿಂಚು ಎಂಟು ಕಿಲೋಮೀಟರ್ ದೂರದಲ್ಲಿತ್ತು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಎತ್ತರದ ಬಯಲಿನಲ್ಲಿ ಇರಬಾರದು ಎಂಬುದು ನಾನು ಪಾಲಿಸುವ ನಿಯಮ. ಮುಂದಿನ ಮಿಂಚಿಗೆ ಎಣಿಕೆ ಹದಿನೈದಕ್ಕೆ ಇಳಿದಾಗ ಗೆಳೆಯ ತಾನೇ ತಿರುಗಿ ನಡೆಯತೊಡಗಿದ.

ಮಳೆ ಹನಿಯಾಗಿ ಶುರುವಾಗಲಿಲ್ಲ, ಒಮ್ಮೆಲೇ ಸುರಿಯಿತು. ಒಣಗಿದ್ದಾಗ ಒರಟಾಗಿ ಹಿಡಿತ ಕೊಡುತ್ತಿದ್ದ ಚಿರೆಕಲ್ಲಿನ ದಾರಿಯಲ್ಲಿ, ಮುಂಗಾರಿನಿಂದ ಉಳಿದಿದ್ದ ಪಾಚಿ ನೆನೆದು ಸಾಬೂನಿನಂತಾಯಿತು. ಕಾಲನ್ನು ಅಡ್ಡವಾಗಿಟ್ಟು, ಸೊಂಟ ತಗ್ಗಿಸಿ, ಕಲ್ಲಿನ ಬದಲು ಬೇರು ಮತ್ತು ಮಣ್ಣಿನ ಮೇಲೆ ಹೆಜ್ಜೆಯಿಡುತ್ತ ಇಳಿದೆವು. ಎಣಿಕೆ ಆರಕ್ಕೆ ಬಂದಾಗ, ದೊಡ್ಡ ಒಂಟಿ ಮರಗಳನ್ನು ಬಿಟ್ಟು, ಒಂದೇ ಎತ್ತರದ ಗಿಡಗಳಿದ್ದ ತಗ್ಗಿನಲ್ಲಿ ಹತ್ತಾರು ಮಾರು ಅಂತರದಲ್ಲಿ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತೆವು. ಅಂಥ ಹೊತ್ತಿನಲ್ಲಿ ಗೆಳೆಯನ ಪಕ್ಕ ಕೂರಬೇಕೆನ್ನಿಸುವುದು ಸಹಜ. ಆದರೆ ಒಬ್ಬನಿಗೆ ಸಿಡಿಲು ತಗುಲಿದರೆ ನೆರವಾಗಲು ಇನ್ನೊಬ್ಬ ಉಳಿದಿರಬೇಕು. ಮಳೆಯ ಸದ್ದಿನಲ್ಲಿ ಮಾತು ಕೇಳದ ಕಾರಣ, ಒಬ್ಬರಿಗೊಬ್ಬರು ಕೈಯೆತ್ತಿ ತೋರಿಸುತ್ತಿದ್ದೆವು.

ಗುಡುಗು ದೂರವಾದ ಮೇಲೆ ಅರ್ಧ ತಾಸು ಕಾದು ಕೆಳಗಿಳಿದರೆ, ಹತ್ತುವಾಗ ಪಾದ ಮುಳುಗದ ಹಳ್ಳ ಕೆಂಪಗಾಗಿ ತೊಡೆಮಟ್ಟ ಹರಿಯುತ್ತಿತ್ತು. ಗೆಳೆಯ ಕೈ ಹಿಡಿದು ದಾಟೋಣವೆಂದ. ನಾನು ಒಪ್ಪಲಿಲ್ಲ. ಕೆಸರುನೀರಿನಲ್ಲಿ ತಳ ಕಾಣುವುದಿಲ್ಲ. ಮೊಣಕಾಲೆತ್ತರದ ರಭಸದ ನೀರೂ ಮನುಷ್ಯನನ್ನು ಕೆಡವಬಲ್ಲದು. ಇಂಥ ಸಣ್ಣ ಹಳ್ಳಗಳಿಗೆ ನೀರು ಬರುವುದು ಒಂದೇ ಗುಡ್ಡದ ಮೈಯಿಂದಾದ್ದರಿಂದ ಅವು ಏರಿದಷ್ಟೇ ಬೇಗ ಇಳಿಯುತ್ತವೆ. ನೀರಿನಂಚಿಗೆ ಒಂದು ಕೋಲು ನೆಟ್ಟು ಕುಳಿತೆವು.

ನನಗೆ ಭಯ ಹುಟ್ಟಿಸಿದ್ದು ಈ ಕಾಯುವಿಕೆಯೇ. ಗೆಳೆಯನ ಹಲ್ಲು ಕಟಕಟಿಸತೊಡಗಿತು, ಮಾತು ತಡವರಿಸಿತು. ಕರಾವಳಿಯಲ್ಲಿ ಚಳಿಯೆಲ್ಲಿ ಎಂದುಕೊಳ್ಳುತ್ತೇವೆ. ಒದ್ದೆ ಬಟ್ಟೆಗೆ ಗಾಳಿ ಬಡಿದರೆ ಇಲ್ಲಿಯೂ ಮೈ ಶಾಖ ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಒಂದೇ ಒಂದು ಒಣ ಅಂಗಿಯನ್ನು ಅವನಿಗೆ ತೊಡಿಸಿ, ಆ ಚೀಲವನ್ನು ಹರಿದು ಬೆನ್ನಿಗೆ ಹೊದೆಸಿ, ಬೆಲ್ಲ ಬೆರೆಸಿದ ಅವಲಕ್ಕಿಯನ್ನು ಸ್ವಲ್ಪಸ್ವಲ್ಪವೇ ತಿನ್ನಿಸಿದೆ. ಅವನ ಕಣಕಾಲಿನಿಂದ ಏಳು ಉಂಬಳ ಕಿತ್ತೆ. ಎಂಟನೆಯದನ್ನು ಅವನೇ ಕಿತ್ತು ಎಸೆದಾಗ ನನ್ನ ಉಸಿರು ಹಗುರಾಯಿತು. ಸುಮಾರು ಒಂದೂವರೆ ತಾಸಿನಲ್ಲಿ ನೀರು ಕೋಲಿನಿಂದ ಎರಡು ಗೇಣು ಕೆಳಗಿಳಿದು, ಕಲ್ಲುಗಳ ತಲೆ ಕಾಣತೊಡಗಿತು. ಆಗ ದಾಟಿದೆವು. ಹಬ್ಬುವಾಡ ತಲುಪಿದಾಗ ದೀಪ ಹಚ್ಚಿದ್ದರು.

ಜನವರಿಯಲ್ಲಿ ಮತ್ತೆ ಹೋದೆವು. ಗೆಳೆಯ ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ. ಒಂಬತ್ತು ಗಂಟೆಗೆ ತುದಿಯಲ್ಲಿದ್ದೆವು. ಕಾಳಿ ನದಿ ಕಡಲು ಸೇರುವ ಅಳಿವೆ, ಆಚೆ ದಡದ ಸದಾಶಿವಗಡ, ಕೂರ್ಮಗಡ ದ್ವೀಪ ಎಲ್ಲವೂ ಮಂಜಿಲ್ಲದೆ ಕಂಡವು. ಇಳಿಯುವಾಗ ಆ ಹಳ್ಳದ ಬಳಿ ಇಬ್ಬರೂ ನಿಂತೆವು. ಬರಿಯ ಕಲ್ಲುಗಳಿದ್ದವು, ದಡದಲ್ಲಿ ನಾವು ನೆಟ್ಟ ಕೋಲು ಓರೆಯಾಗಿ ಇನ್ನೂ ನಿಂತಿತ್ತು.