ಅಂಗವೈಕಲ್ಯ ಪಿಂಚಣಿ ತಿರಸ್ಕೃತವಾದರೆ ಮೇಲ್ಮನವಿ ಬರೆಯುವುದು ಹೇಗೆ

ತಿರಸ್ಕಾರದ ಪತ್ರ ಕೈಸೇರಿದ ಕೂಡಲೇ ಮನೆಯ ಕಷ್ಟವನ್ನೆಲ್ಲ ತೋಡಿಕೊಂಡು ಅರ್ಜಿ ಬರೆಯುವ ಮಾಜಿ ಸೈನಿಕರು ಬಹಳ. ಆ ಕಷ್ಟ ನಿಜವೇ, ಆದರೆ ತೀರ್ಮಾನ ಆಗುವುದು ಅದರ ಮೇಲಲ್ಲ. ಮೊದಲು ಬಿಡುಗಡೆ ವೇಳೆಯ ಮೆಡಿಕಲ್ ಬೋರ್ಡಿನ (ನಿಮ್ಮನ್ನು ಪರೀಕ್ಷಿಸಿದ ಸೇನಾ ವೈದ್ಯರ ಮಂಡಳಿಯ) ಪೂರ್ತಿ ನಡವಳಿ ಕೈಯಲ್ಲಿರಲಿ. ಅದು ನಿಮ್ಮ ಬಳಿ ಇಲ್ಲದಿದ್ದರೆ, ಸೇವಾ ದಾಖಲೆ ಇಡುವ ನಿಮ್ಮ ರೆಕಾರ್ಡ್ ಆಫೀಸಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಿ. ಸೇನೆಗೆ ಸೇರುವಾಗಿನ ವೈದ್ಯಕೀಯ ತಪಾಸಣೆಯ ಪ್ರತಿಯನ್ನೂ ಅದರಲ್ಲೇ ಕೇಳಿ.

ನಡವಳಿಯಲ್ಲಿ ನೋಡಬೇಕಾದದ್ದು ಎರಡು: ಕಾಯಿಲೆ ಸೇವೆಯಿಂದ ಬಂತೇ ಅಥವಾ ಉಲ್ಬಣಿಸಿತೇ ಎಂಬ ಕಾಲಂ, ಮತ್ತು ವೈಕಲ್ಯದ ಪ್ರಮಾಣ ಶೇ. 20 ಮುಟ್ಟಿದೆಯೇ ಎಂಬುದು.

ಹೆಚ್ಚಿನ ಅರ್ಜಿಗಳು ಬೀಳುವುದು ಮೊದಲನೆಯದರಲ್ಲಿ. ರಕ್ತದೊತ್ತಡ, ಮಧುಮೇಹಕ್ಕೆ ‘ಸೇವೆಗೆ ಸಂಬಂಧವಿಲ್ಲ, ಪೀಸ್ ಸ್ಟೇಷನ್‌ನಲ್ಲಿ ಶುರುವಾದದ್ದು’ ಎಂಬ ಒಂದು ಸಾಲು ಬರೆದು ಮುಗಿಸಿರುತ್ತಾರೆ (ಪೀಸ್ ಸ್ಟೇಷನ್ ಎಂದರೆ ಕಾರ್ಯಾಚರಣೆ ಪ್ರದೇಶದಿಂದ ದೂರದ ಶಾಂತ ನೆಲೆ). ನಿಮ್ಮ ಮೇಲ್ಮನವಿ ಆ ಸಾಲಿಗೇ ಉತ್ತರ ಕೊಡಬೇಕು. ಧರಂವೀರ್ ಸಿಂಗ್ ಪ್ರಕರಣದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಸೈನಿಕ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು, ರುಜುವಾತಿನ ಹೊರೆ ಅವನ ಮೇಲಿಲ್ಲ, ಬೋರ್ಡ್ ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಲೇಬೇಕು. ಜೊತೆಗೆ ಗಡಿ, ಕಾರ್ಯಾಚರಣೆ ಪ್ರದೇಶಗಳ ಫೀಲ್ಡ್ ಪೋಸ್ಟಿಂಗ್‌ಗಳು ಮತ್ತು ಮಿಲಿಟರಿ ಆಸ್ಪತ್ರೆಗೆ ದಾಖಲಾದ ದಿನಗಳನ್ನು ಒಂದೇ ಹಾಳೆಯಲ್ಲಿ ಅನುಕ್ರಮವಾಗಿ ಕೊಡಿ. ಇತ್ತೀಚಿನ ಖಾಸಗಿ ವೈದ್ಯರ ಸರ್ಟಿಫಿಕೇಟ್ ಒಂದನ್ನೇ ನೆಚ್ಚಬೇಡಿ; ಅದು ಇಂದಿನ ಸ್ಥಿತಿ ಹೇಳುತ್ತದೆ, ಪ್ರಶ್ನೆ ಇರುವುದು ಬಿಡುಗಡೆಯ ದಿನದ್ದು. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರು ಅಂದು ಜಾರಿಗೆ ಬಂದ ಅಂಗವೈಕಲ್ಯ ಪಿಂಚಣಿಯ ಹೊಸ ನಿಯಮಾವಳಿ ನೋಡಿಕೊಂಡೇ ಬರೆಯಬೇಕು.

ತಿರಸ್ಕಾರ ತಲುಪಿದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಮತ್ತೆ 6 ತಿಂಗಳೊಳಗೆ ಎರಡನೆಯದು, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಮೇಲ್ಮನವಿಗೆ 6 ತಿಂಗಳಾದರೂ ಉತ್ತರ ಬಾರದಿದ್ದರೆ ಕಾಯುತ್ತ ಕೂರಬೇಕಿಲ್ಲ, ನ್ಯಾಯಮಂಡಳಿಗೆ ಹೋಗಬಹುದು. ವರ್ಷಗಟ್ಟಲೆ ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿ ಸೇರಿಸಿ. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದ ಹಣ, ಆದ್ದರಿಂದ ಹಕ್ಕು ಸಾಯುವುದಿಲ್ಲ. ಆದರೆ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಕ್ಕಷ್ಟೇ ಸಿಗುತ್ತದೆ. ತಡಮಾಡಿದಷ್ಟೂ ನಷ್ಟ ಮನೆಯವರಿಗೇ.

ನಿಮಗೆ ಬೇಕಾದ ಪರಿಹಾರ ಕೇಳುವ ಕೊನೆಯ ‘ಪ್ರಾರ್ಥನೆ’ ಭಾಗದಲ್ಲಿ ‘ಬ್ರಾಡ್ ಬ್ಯಾಂಡಿಂಗ್’ ಅನ್ನು ಹೆಸರಿಸಿಯೇ ಕೇಳಿ. ಶೇ. 20ರಿಂದ 49ರವರೆಗಿನ ವೈಕಲ್ಯವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಎಣಿಸುವ ಕ್ರಮವಿದು. ನಿವೃತ್ತಿ ವಯಸ್ಸು ತಲುಪಿ ಹೊರಬಂದವರಿಗೂ ಇದು ಸಲ್ಲುತ್ತದೆಂದು ಸುಪ್ರೀಂ ಕೋರ್ಟಿನ ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ತೀರ್ಮಾನವಾಗಿದೆ. ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಸಿಗುತ್ತದೆ, ಕಡಿಮೆ ಪ್ರಮಾಣಕ್ಕೆ ಅದೇ ಅನುಪಾತದಲ್ಲಿ. ಅಂದರೆ 40,000 ರೂಪಾಯಿ ವೇತನವಿದ್ದವರಿಗೆ ಶೇ. 20ರ ಲೆಕ್ಕದಲ್ಲಿ ತಿಂಗಳಿಗೆ 2,400 ರೂಪಾಯಿ, 50ಕ್ಕೆ ಏರಿಸಿದರೆ 6,000.