ಒಂಟಿ ಕುದುರೆ ಸಾಕಿ ನಾನು ಕಲಿತದ್ದು

ಟಾಂಗಾ ಎಳೆದು ಸವೆದುಹೋಗಿದ್ದ ರಾಜನನ್ನು ಮೈಸೂರಿನಿಂದ ನಮ್ಮ ತೋಟಕ್ಕೆ ತಂದಾಗ ಅವನ ಪಕ್ಕೆಲುಬು ಎಣಿಸಬಹುದಿತ್ತು. ಹೊಟ್ಟೆ ತುಂಬಿಸಿದರೆ ಸಾಕು ಅಂದುಕೊಂಡಿದ್ದೆ. ಹುಲ್ಲು, ನೆನೆಸಿದ ಹುರುಳಿ, ಜಂತುಹುಳದ ಔಷಧಿ ಎಲ್ಲಾ ಆಯಿತು. ಮೂರು ತಿಂಗಳಿಗೆ ಮೈ ತುಂಬಿಕೊಂಡ. ಆದರೆ ಎರಡೂ ಮುಂಗಾಲಿನ ಗಂಟಿನ ಮುಂದೆ ಗಾಯ. ಮುಲಾಮು ಹಚ್ಚಿ ಒಣಗಿಸುತ್ತಿದ್ದೆ, ನಾಲ್ಕೇ ದಿನಕ್ಕೆ ಮತ್ತೆ ಕಿತ್ತುಬರುತ್ತಿತ್ತು. ಗೋಡೆಗೆ ಉಜ್ಜಿಕೊಳ್ತಾನೆ ಅಂತ ಗೋಡೆಗೆಲ್ಲ ಗೋಣಿಚೀಲ ಕಟ್ಟಿದ್ದೂ ಆಯಿತು.

ಡಾಕ್ಟರ್ ಗಾಯ ನೋಡಿ, "ರಾತ್ರಿ ಮಲಗ್ತಾನೇನ್ರೀ?" ಅಂದರು.

"ಕುದುರೆ ನಿಂತೇ ನಿದ್ದೆ ಮಾಡುತ್ತಲ್ವಾ ಸಾರ್?"

ಅದು ಅರ್ಧ ನಿಜ. ಹಿಂಗಾಲಿನ ಮಂಡಿ ಬೀಗ ಹಾಕಿದಂತೆ ಬಿಗಿದುಕೊಳ್ಳುವುದರಿಂದ ಕುದುರೆ ನಿಂತಲ್ಲೇ ತೂಕಡಿಸಬಲ್ಲದು. ಆದರೆ ಕನಸು ಬೀಳುವಂಥ ನಿದ್ದೆಯಲ್ಲಿ ಮೈಯೆಲ್ಲ ಸಡಿಲವಾಗುತ್ತದೆ. ಅದಕ್ಕೆ ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಮಲಗಲೇಬೇಕು. ಗುಂಪಿನಲ್ಲಿದ್ದರೆ ಕೆಲವು ಮಲಗಿದಾಗ ಒಂದಾದರೂ ಎದ್ದು ಕಾವಲಿರುತ್ತದೆ. ಒಂಟಿಗೆ ಎಷ್ಟೋ ಸಲ ಆ ಧೈರ್ಯ ಬರುವುದಿಲ್ಲ. ಕೀಲುನೋವಿಗೂ ಮಲಗದೆ ಇರಬಹುದು ಅಂತ ಡಾಕ್ಟರ್ ಕಾಲು ಮಡಚಿ ನೋಡಿದರು. ನೋವಿರಲಿಲ್ಲ.

ಆ ರಾತ್ರಿ ಲೈಟ್ ಆರಿಸಿ ಕೂತು ನೋಡಿದೆ. ಎರಡೂವರೆ ಹೊತ್ತಿಗೆ ರಾಜನ ತಲೆ ಇಳಿಯುತ್ತಾ ಬಂತು. ಕೆಳತುಟಿ ಜೋತುಬಿತ್ತು. ಮುಂಗಾಲು ಮಡಚಿಕೊಂಡು ಧಪ್ಪಂತ ಕುಸಿದ. ನೆಲ ತಾಗಿದ್ದೇ ತಡ, ಬೆಚ್ಚಿ ಎದ್ದ. ಗಾಯ ಎಲ್ಲಿಂದ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ಮೊದಲು ಒಂದು ಮೇಕೆ ತಂದೆ, ಖರ್ಚು ಕಡಿಮೆ ಅಂತ. ಅದು ಅವನ ಹುರುಳಿ ತಿಂದು ಅವನಿಗಿಂತ ಮುಂಚೆ ಮಲಗುತ್ತಿತ್ತು!

ಕೊನೆಗೆ ಮದುವೆ ಮೆರವಣಿಗೆಗೆ ದುಡಿದು ದಣಿದಿದ್ದ ಹೆಣ್ಣು ಕುದುರೆಯೊಂದು ಸಿಕ್ಕಿತು, ಗೌರಿ. ಮೂರು ವಾರ ದೂರವೇ ಕಟ್ಟಿದೆ. ಬಕೆಟ್ಟು, ಬ್ರಷ್ಷು ಎಲ್ಲ ಬೇರೆ. ಗ್ಲಾಂಡರ್ಸ್ ಅನ್ನೋ ಕುದುರೆಗಳ ಅಂಟುರೋಗ ಮನುಷ್ಯರಿಗೂ ಅಂಟುತ್ತದೆ, ಹಾಗಾಗಿ ರಕ್ತಪರೀಕ್ಷೆಯ ವರದಿ ಬರುವವರೆಗೆ ಹತ್ತಿರ ಬಿಡಲಿಲ್ಲ. ಆಮೇಲೆ ಒಂದು ವಾರ ಬೇಲಿಯ ಆಚೆ ಈಚೆ. ಮೂಗಿಗೆ ಮೂಗು ತಾಗಿಸಿ ಕಿರುಚುವುದು, ಕಾಲು ಝಾಡಿಸುವುದು ಎಲ್ಲ ಅಲ್ಲೇ ಮುಗಿಯಲಿ ಅಂತ. ರಾಜನಿಗೆ ಮೊದಲೇ ಬೀಜ ತೆಗೆಸಿದ್ದರು, ಆ ತಲೆನೋವು ಇರಲಿಲ್ಲ.

ಒಟ್ಟಿಗೆ ಬಿಟ್ಟದ್ದು ಬಯಲಿನಲ್ಲಿ, ಲಾಯದಲ್ಲಲ್ಲ. ಮೂಲೆಗೆ ಸಿಕ್ಕಿದ ಕುದುರೆಗೆ ಏಟು ಜಾಸ್ತಿ. ಇಬ್ಬರ ಲಾಳವನ್ನೂ ಬಿಚ್ಚಿಸಿದ್ದೆ. ಹುಲ್ಲು ಮೂರು ರಾಶಿ ಹಾಕಿದೆ, ಒಂದರಿಂದ ಓಡಿಸಿದರೆ ಇನ್ನೊಂದಕ್ಕೆ ಹೋಗಲಿ ಅಂತ. ಗೌರಿ ಎರಡು ಸಲ ಒದ್ದಳು. ನಾನು ಬಿಡಿಸಲು ಮಧ್ಯೆ ಓಡಿದೆ, ಶುದ್ಧ ದಡ್ಡತನ.

ಐದನೇ ದಿನ ಇಬ್ಬರೂ ಎದುರುಬದುರಾಗಿ ನಿಂತು ಕತ್ತು ಬೆನ್ನು ಸೇರುವ ಕಡೆ ಹಲ್ಲಿನಿಂದ ಕೆರೆದುಕೊಳ್ಳುತ್ತಿದ್ದರು. ಹತ್ತು ಹನ್ನೆರಡು ದಿನಕ್ಕೆ, ಬೆಳಿಗ್ಗೆ ನೀರಿಡಲು ಹೋದಾಗ, ರಾಜನ ಎಡಪಕ್ಕೆಗೆ ಮಣ್ಣು, ಬಾಲದಲ್ಲಿ ಒಣಹುಲ್ಲಿನ ಎಳೆ. ಮಲಗಿ ಎದ್ದಿದ್ದ. ಗಾಯ ಮತ್ತೆ ಕೀಳಲಿಲ್ಲ.

ಈಗ ಬೇರೆ ಪಜೀತಿ. ಗೊರಸು ಕತ್ತರಿಸಲು ಗೌರಿಯನ್ನು ಗೇಟಿನಾಚೆ ಕರೆದೊಯ್ದರೆ ಸಾಕು, ಇವನು ಬೆವರಿ ಕೆನೆಯುತ್ತಾನೆ. ಅದಕ್ಕೇ ಮೂರನೆಯದನ್ನು ಹುಡುಕುತ್ತಿದ್ದೇನೆ.